ತಣ್ಣಗಾಗುವ ಹೊತ್ತು

"ನೀವೇ ಮುಟ್ಟಿ ನೋಡಿ ಭಾವ," ಎನ್ನುತ್ತ ಅವಳು ಗಂಡನ ಅಣ್ಣನ ಕೈ ಹಿಡಿದೆಳೆದು ಸತ್ತವನ ಎದೆಯ ಮೇಲಿಟ್ಟಳು. ಭಾವ ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡರು. ಎದೆ ಬೆಚ್ಚಗಿತ್ತು.

ಪ್ರಾಣ ಹೋದದ್ದು ಬೆಳಗಿನ ಆರಕ್ಕೆ, ಈಗ ಮಧ್ಯಾಹ್ನ ಎರಡು. ಡಾಕ್ಟರು ಎರಡು ಸಲ ಬಂದು ನೋಡಿಯಾಗಿತ್ತು. ಎರಡನೆಯ ಸಲ ಪಾಪ, ಅವರ ಮುಖವೇ ಬಿಳಿಚಿಕೊಂಡಿತ್ತು. "ಉಸಿರಿಲ್ಲ, ನಾಡಿ ಇಲ್ಲ, ಅನುಮಾನ ಬೇಡ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತೆ ಫೋನು ಎತ್ತಲಿಲ್ಲ.

"ನೋಡಮ್ಮ, ಮೂರಕ್ಕೆ ಎತ್ತಲೇಬೇಕು. ಗಾಡಿ ಬಂದು ನಿಂತಿದೆ, ಜನ ಬೆಳಗ್ಗಿಂದ ಕಾಯ್ತಿದ್ದಾರೆ," ಅಂದರು ಭಾವ.

"ತಣ್ಣಗಾಗೋವರೆಗೂ ನಾನು ಕಳಿಸಲ್ಲ. ಜೀವ ಇದ್ರೆ ಏನ್ಮಾಡ್ತೀರ?"

ಗೋಡೆಗೊರಗಿ ನಿಂತಿದ್ದ ಅಚ್ಚಿನ ಮೇಸ್ತ್ರಿ, ಸತ್ತವನ ಜೊತೆ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು, ಮೆಲ್ಲಗೆ ಅಂದ: "ಅಮ್ಮ, ಕೈಯಲ್ಲಿ ಮುಟ್ಟಿದ್ದು ಲೆಕ್ಕಕ್ಕಿಲ್ಲ ಅಂತಿದ್ರು ನಮ್ಮ ಸಾರು. ಶಾಖ ನೋಡೋ ಮೀಟರ್ ತರ್ಲಾ?"

*

ಕಾರ್ಖಾನೆಯಲ್ಲಿ ಸತ್ತವನಿಗೆ 'ಇನ್ನೊಂದ್ನಿಮಿಷ' ಎಂದೇ ಹೆಸರು. ಕಾದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಹೋದ ಮೇಲೆ ಎಷ್ಟು ಹೊತ್ತಿಗೆ ಆರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಕೆಲಸ. ನೆಂಟರಿಗೆ ಇದನ್ನು ಹೇಳಿದರೆ ನಗುತ್ತಿದ್ದರು. ಅವನಿಗೇನೂ ಬೇಜಾರಿರಲಿಲ್ಲ. ಶಾಖ ಪ್ಲಾಸ್ಟಿಕ್ಕಿನಿಂದ ಉಕ್ಕಿಗೆ, ಉಕ್ಕಿನಿಂದ ಅದರೊಳಗಿನ ನೀರಿನ ಕೊಳವೆಗೆ ಹರಿಯುವುದನ್ನು ತೆರೆಯ ಮೇಲೆ ಕೆಂಪು, ಹಳದಿ, ನೀಲಿಯಲ್ಲಿ ನೋಡುತ್ತ ಊಟ ಮರೆಯುವ ಆಸಾಮಿ. ಮ್ಯಾನೇಜರು ಅವಸರ ಮಾಡಿದರೆ, "ಇನ್ನೊಂದ್ನಿಮಿಷ ಸಾರ್. ಹೊರಗೆ ಗಟ್ಟಿ, ಒಳಗೆ ಇನ್ನೂ ಕುದೀತಿದೆ," ಅನ್ನುತ್ತಿದ್ದ.

ಒಂದು ಸಲ ಅವನ ಮಾತು ಮೀರಿ ಕುರ್ಚಿಯ ದಪ್ಪ ಕಾಲುಗಳನ್ನು ಬೇಗ ಹೊರತೆಗೆದರು. ಸಂಜೆಯವರೆಗೆ ನೆಟ್ಟಗಿದ್ದವು. ಬೆಳಿಗ್ಗೆ ಗೋದಾಮು ತೆರೆದರೆ ನಾನೂರಕ್ಕೆ ನಾನೂರೂ ಬಾಗಿಲ ಕಡೆಗೆ ಬಾಗಿ ನಿಂತಿದ್ದವು. ಮೇಸ್ತ್ರಿ ಆಮೇಲೆ ಒಂಟಿಯಾಗಿ ಆ ಗೋದಾಮಿಗೆ ಹೋಗಿಲ್ಲ.

*

ಮೇಸ್ತ್ರಿ ಮೀಟರಿನ ಉದ್ದ ತಂತಿಯ ತುದಿಯನ್ನು ಸತ್ತವನ ಕಂಕುಳಲ್ಲಿಟ್ಟ. ಮೂವತ್ತನಾಲ್ಕು ಡಿಗ್ರಿ. ಅರ್ಧ ಗಂಟೆ ಕಳೆಯಿತು, ಮೂವತ್ತನಾಲ್ಕೇ. ಮೂರಾಯಿತು, ಆಗಲೂ ಅಷ್ಟೇ. ಕೈಕಾಲುಗಳೂ ಸೆಟೆದಿರಲಿಲ್ಲ, ನಿದ್ದೆ ಹೋದ ಮಗುವಿನ ಕೈಕಾಲಿನಂತೆ ಮೆತ್ತಗಿದ್ದವು.

"ನಿನ್ನ ಮೀಟರ್ ಕೆಟ್ಟಿದೆ ಕಣಯ್ಯ," ಅಂದರು ಭಾವ. ಮೇಸ್ತ್ರಿ ತಂತಿಯನ್ನು ಲೋಟದ ನೀರಿಗೆ ಅದ್ದಿ ತೋರಿಸಿದ. ಇಪ್ಪತ್ತನಾಲ್ಕು. ಮೀಟರ್ ಸರಿಯಾಗೇ ಇತ್ತು. ತಂತಿಯನ್ನು ಮತ್ತೆ ಕಂಕುಳಿಗೆ ಸೇರಿಸಿದ.

"ಕೆಲವು ಪ್ಲಾಸ್ಟಿಕ್ ಹೀಗೆ ಮಾಡುತ್ತಮ್ಮ," ಅಂದ ಮೇಸ್ತ್ರಿ. "ಒಳಗೆ ಗಟ್ಟಿಯಾಗೋ ಹೊತ್ತಲ್ಲಿ ತಾನೇ ಶಾಖ ಬಿಡ್ತಾ ಇರುತ್ತೆ. ಅದು ಮುಗಿಯೋವರೆಗೂ ಅಂಕಿ ಇಳಿಯಲ್ಲ."

"ಯಾವಾಗ ಮುಗಿಯುತ್ತೆ?"

"ಆ ಲೆಕ್ಕ ಸಾರಿಗೇ ಗೊತ್ತಿದ್ದಿದ್ದು."

ಅವಳು ಎಲ್ಲರನ್ನೂ ಹೊರಗೆ ಕಳಿಸಿದಳು. ಮೇಸ್ತ್ರಿ ಮಾತ್ರ ಮೀಟರ್ ಹಿಡಿದು ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ಕೂತ. ಅವಳು ಗಂಡನ ಪಕ್ಕ ಕೂತು, ಅವನ ಬಲಗೈಯೊಳಗೆ ತನ್ನ ಕೈಯಿಟ್ಟಳು.

"ರೀ, ನಿನ್ನೆ ಸಂಜೆ ಪಕ್ಕದಲ್ಲಿ ಕೂತ್ಕೋ ಅಂದ್ರಿ. ಹಾಲು ಉಕ್ಕುತ್ತೆ ಅಂತ ಎದ್ದು ಹೋದೆ. ಒಲೆ ಮೇಲೆ ಹಾಲೇ ಇರಲಿಲ್ಲ. ವಾರದಿಂದ ಎದೆ ಭಾರ ಅಂತೀರಿ, ಆಸ್ಪತ್ರೆಗೆ ಬನ್ನಿ ಅಂದ್ರೆ ಬರಲ್ಲ. ಅದಕ್ಕೆ ನನಗೆ ಸಿಟ್ಟು ಬಂದಿತ್ತು." ಅವನ ಕೈಯನ್ನು ಒತ್ತಿದಳು. "ತಪ್ಪಾಯ್ತು ರೀ. ಈಗ ಕೂತಿದೀನಿ. ಎಲ್ಲೂ ಹೋಗಲ್ಲ."

ಆಮೇಲೆ ಅವಳು ಬಾಯಿಬಿಟ್ಟು ಅತ್ತಳು. ಬೆಳಗ್ಗಿಂದ ಅತ್ತಿರಲೇ ಇಲ್ಲ.

ಮೇಸ್ತ್ರಿಯ ಕೈಯಲ್ಲಿ ಅಂಕಿ ಅಲುಗಿತು. ಮೂವತ್ತಮೂರು. ಮೂವತ್ತು. ಇಪ್ಪತ್ತೇಳು. ಕಾದ ಉಕ್ಕನ್ನು ನೀರಿಗೆ ಹಾಕಿದರೂ ಇಷ್ಟು ಸರಾಗವಾಗಿ ಇಳಿದದ್ದನ್ನು ಅವನು ಕಂಡಿರಲಿಲ್ಲ. ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು, ಕೋಣೆಯ ಗಾಳಿಯೂ ಅಷ್ಟೇ ಇತ್ತು.

"ಅಮ್ಮ, ಆಯ್ತು," ಅಂದ.

ಅವಳು ಏಳಹೋದಳು, ಆಗಲಿಲ್ಲ. ಸತ್ತವನ ಬೆರಳುಗಳು ಅವಳ ಕೈಯನ್ನು ಸುತ್ತಿ ಹಿಡಿದು ಮರದಂತೆ ಗಟ್ಟಿಯಾಗಿದ್ದವು. ಒಳಬಂದ ಭಾವ ಬೆರಳು ಬಿಡಿಸಲು ಹೋದರು. ಮೇಸ್ತ್ರಿ ತಡೆದ. "ಎಳೀಬೇಡಿ ಸಾರ್." ಅಡುಗೆಮನೆಯಿಂದ ಎಣ್ಣೆ ತರಿಸಿ ಸಂದಿಗೆ ಬಿಟ್ಟು, ಅವಳ ಮಣಿಕಟ್ಟನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ ಹೋದ. ಕೊನೆಗೆ ಕೈ ಜಾರಿ ಹೊರಬಂತು.

ನಾಲ್ಕೂವರೆಗೆ ಎತ್ತಿದರು. ಗಾಡಿಯಲ್ಲಿ ಮಲಗಿಸಿ ಭಾವ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಲು ನೋಡಿದರು. ಎಡಗೈ ಹೇಗೋ ಬಂತು. ಬಲಗೈ ಅರ್ಧ ತೆರೆದೇ ಉಳಿಯಿತು, ಅವಳ ನಾಲ್ಕು ಬೆರಳುಗಳಷ್ಟೇ ಅಗಲದ ಖಾಲಿ ಜಾಗವನ್ನು ಬಿಗಿಯಾಗಿ ಹಿಡಿದುಕೊಂಡು.