ನಗುವಿಗೆ ಬಿಟ್ಟ ಜಾಗ

"ನಮಸ್ಕಾರ, ನಮಸ್ಕಾರ, ನಮಸ್ಕಾರ! ಮೊದಲನೇದು ನಿಮಗೆ, ಎರಡನೇದು ನಿಮ್ಮ ಮನೆಯವರಿಗೆ, ಮೂರನೇದು ಪಕ್ಕದ ಸೀಟಲ್ಲಿ ಆಗಲೇ ನಿದ್ದೆ ಹೊಡೀತಿರೋರಿಗೆ!"

ಬಸ್ಸಿನ ಮೇಲ್ಮಹಡಿಯಲ್ಲಿ ಎಲ್ಲರೂ ಪಕ್ಕಕ್ಕೆ ತಿರುಗಿ ನೋಡಿ ನಕ್ಕರು. ಅವರು ನಗುವಷ್ಟು ಹೊತ್ತು ಸ್ಪೀಕರು ಸುಮ್ಮನಿತ್ತು. ನಗು ಇಳಿಯುತ್ತಿದ್ದ ಹಾಗೆ ಮತ್ತೆ ಶುರು ಹಚ್ಚಿಕೊಂಡಿತು. ಕಡೆಯ ಸಾಲಿನಲ್ಲಿ ಟೊಪ್ಪಿಯನ್ನು ಹುಬ್ಬಿನ ತನಕ ಎಳೆದು, ಮಫ್ಲರನ್ನು ಮೂಗಿನ ತನಕ ಸುತ್ತಿಕೊಂಡು ಕೂತಿದ್ದ ಡೈಲಾಗ್ ಒಬ್ಬನೇ ನಗಲಿಲ್ಲ. ತನ್ನದೇ ಜೋಕಿಗೆ ಟಿಕೆಟ್ ತೆಗೆದುಕೊಂಡು ನಗುವುದಕ್ಕೆ ಅವನಿಗೇನು ಹುಚ್ಚೇ?

ಡೈಲಾಗ್ ಎಂಬುದು ಬಸ್ ಶೆಡ್ಡಿನವರು ಇಟ್ಟ ಹೆಸರು. ಹುಟ್ಟಿದಾಗ ಅತ್ತಿದ್ದೂ ಹೀರೋ ಎಂಟ್ರಿಯ ಥರವೇ ಇತ್ತು ಎಂದು ಅವನ ಅಕ್ಕ ಹೇಳುತ್ತಾಳೆ. ರಾಜಧಾನಿ ತೋರಿಸುವ ಈ ತೆರೆದ ಬಸ್ಸಿನಲ್ಲಿ ಅವನು ವರ್ಷಗಟ್ಟಲೆ ಮೈಕು ಹಿಡಿದು ನಿಂತವನು. ಸಂಸತ್ತಿನ ಗುಮ್ಮಟ, ಗಡಿಯಾರದ ಗೋಪುರ, ಕುದುರೆ ಏರಿದ ಮಹಾರಾಜ, ಮೃಗಾಲಯದ ಗೇಟು, ಎಲ್ಲಕ್ಕೂ ಅವನ ಹತ್ತಿರ ಒಂದೊಂದು ಡೈಲಾಗು. ಜನ ಗುಮ್ಮಟವನ್ನು ಬಿಟ್ಟು ಅವನ ಫೋಟೊ ತೆಗೆಯುತ್ತಿದ್ದರು.

ಒಂದು ಮಧ್ಯಾಹ್ನ ಮ್ಯಾನೇಜರು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಹೊಸ ಹುಡುಗರಿಗೆ ಟ್ರೈನಿಂಗ್ ಕೊಡಬೇಕಲ್ಲ ಮರೀ. ಬಸ್ಸಲ್ಲಿ ನೀನು ಮಾತಾಡೋದನ್ನೆಲ್ಲ ಒಂದ್ಸಲ ರೆಕಾರ್ಡ್ ಮಾಡಿಬಿಡೋಣ. ಒಂದಕ್ಷರ ಬಿಡಬೇಡ."

ಹೆಗಲ ಮೇಲೆ ಕೈ ಹಾಕುವ ವಿಲನ್ನನ್ನು ನಂಬಬಾರದೆಂದು ಅಷ್ಟೊಂದು ಸಿನಿಮಾ ನೋಡಿದವನಿಗೆ ಗೊತ್ತಿರಬೇಕಿತ್ತು. ಗೋಡೆಗೆಲ್ಲ ಹಳೆಯ ಹಾಸಿಗೆ ಕಟ್ಟಿದ್ದ ಟೈರ್ ಗೋದಾಮಿನಲ್ಲಿ ಕೂತ. ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ದರೂ ಇರುವ ಹಾಗೆಯೇ ಮಾತಾಡಿದ. ಪ್ರತಿ ಜೋಕಿಗೂ ನಿಂತು, ಇಲ್ಲದ ಜನ ನಕ್ಕು ಮುಗಿಸುವ ತನಕ ಕಾದ. ತಿಂಗಳು ಮುಗಿಯುವುದರೊಳಗೆ ಅವನಿಗೆ ಕೆಲಸವಿರಲಿಲ್ಲ. ಬಸ್ಸಿಗೆ ಮಾತ್ರ ಅವನ ಧ್ವನಿ ಇತ್ತು.

ಕೇಳಲು ಹೋದರೆ ಆಫೀಸಿನ ಬಾಗಿಲಲ್ಲೇ ತಡೆದರು. ಮ್ಯಾನೇಜರು ಒಳಗಿನಿಂದಲೇ ಕೂಗಿದ, "ನಿನ್ನ ಧ್ವನಿನಾ? ಯಾರು ಹೇಳಿದ್ದು? ಅದು ಮಷಿನ್ದು ಕಣೋ. ನಿನ್ನ ಥರ ವಟವಟ ಅನ್ನೋ ಮಷಿನ್ನು ಬೇಕಾದಷ್ಟು ಬಂದಿವೆ. ಹೋಗ್ ಹೋಗ್, ಕಾಲಿಗೆ ಅಡ್ಡ ಬರಬೇಡ."

ಅಂದಿನಿಂದ ಡೈಲಾಗನಿಗೆ ಬೇಕಾಗಿದ್ದು ಒಂದೇ. ಕೆಲಸವಲ್ಲ, ಸಂಬಳವೂ ಅಲ್ಲ. ಆ ಧ್ವನಿ ಯಾರದೆಂದು ಮ್ಯಾನೇಜರು ನಾಲ್ಕು ಜನರ ಮುಂದೆ ತನ್ನ ಬಾಯಿಂದಲೇ ಹೇಳಬೇಕು. ಹೇಳುವಾಗ ಅವನ ಮುಖದ ನೀರಿಳಿದಿರಬೇಕು. ಅದನ್ನು ಡೈಲಾಗ್ ಎದುರಿಗೇ ಕೂತು ನೋಡಬೇಕು.

ಅದಕ್ಕೆ ಇವತ್ತಿಗಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಪ್ರವಾಸ ಇಲಾಖೆಯ ದೊಡ್ಡ ಮೇಡಂ ಕೂತಿದ್ದರು. ಅವರು ಹೂಂ ಅಂದರೆ ಊರು ತೋರಿಸುವ ಬಸ್ಸುಗಳೆಲ್ಲ ಈ ಮ್ಯಾನೇಜರನ ಕೈಗೆ. ಅವನು ಅವರ ಪಕ್ಕ ಅರ್ಧ ಸೀಟಿನಲ್ಲಿ ಕೂತು, ಉಳಿದರ್ಧ ಗಾಳಿಯಲ್ಲಿ ಬಾಗಿ, "ಪೂರ್ತಿ ಮಷಿನ್ ಮೇಡಂ, ಮನುಷ್ಯರ ತಲೆನೋವೇ ಇಲ್ಲ" ಎಂದು ಹಲ್ಲು ಕಿರಿಯುತ್ತಿದ್ದ.

ಈ ಸುದ್ದಿ ಕೊಟ್ಟವನು ಭಾವ. ಅಕ್ಕನ ಗಂಡ, ಇದೇ ಬಸ್ಸಿನ ಡ್ರೈವರು. ಸ್ಪೀಕರಿನ ಗುಂಡಿಗಳೂ ಅವನ ಕೈಯಲ್ಲೇ ಇದ್ದವು. ಹಿಂದಿನ ದಿನ ಊಟಕ್ಕೆ ಕೂತಾಗ ಡೈಲಾಗ್ ಅವನ ಬೆನ್ನು ಬಿದ್ದಿದ್ದ.

"ಭಾವ, ಸಂಸತ್ತಿನ ಹತ್ರ ಮೃಗಾಲಯದ ಗುಂಡಿ ಒತ್ತಿಬಿಡು ಸಾಕು. 'ಒಳಗಿರೋ ಪ್ರಾಣಿಗಳಿಗೆ ತಿನ್ನೋಕೆ ಏನೂ ಕೊಡಬೇಡಿ, ಅಭ್ಯಾಸ ಆಗಿಬಿಡುತ್ತೆ' ಅಂತ ಮೇಡಂ ಕೇಳಿಸಿಕೊಳ್ಳಲಿ."

"ಒತ್ತುತ್ತೀನಿ. ಆಮೇಲೆ ನಿಮ್ಮಕ್ಕನ್ನ, ಮಕ್ಕಳನ್ನ ನೀನೇ ಸಾಕಪ್ಪ."

"ನೀವಿಬ್ಬರೂ ಮನೇಲಿ ಕೂತ್ಕೊಳ್ಳಿ, ನಾನೇ ಬಸ್ ಓಡಿಸ್ತೀನಿ" ಅಂದಳು ಅಕ್ಕ, ತಟ್ಟೆಗೆ ಸಾರು ಸುರಿಯುತ್ತಾ. "ಸೇಡು ಅಂತೆ ಸೇಡು. ಮೊದಲು ಆ ಗಡ್ಡ ತೆಗಿ."

ಭಾವ ತಟ್ಟೆಯಿಂದ ತಲೆ ಎತ್ತಿ ಹೇಳಿದ, "ತಮಾಷೆ ಬಿಡು. ನನಗೆ ಹೆದರಿಕೆ ಇರೋದು ಆ ಗೋಡೆ ಹತ್ರ ಕಣೋ. ಯಾವತ್ತೋ ಒಂದಿನ ಯಾರಾದ್ರೂ ಕೈ ಎತ್ತುತ್ತಾರೆ. ಕೆಳಗಿರೋ ನನಗೆ ಎಲ್ಲಿ ಕಾಣುತ್ತೆ?"

ಗೋಡೆ ಎಂದರೆ ಯುದ್ಧದಲ್ಲಿ ಸತ್ತವರ ಹೆಸರು ಕೊರೆದ ಕಪ್ಪು ಕಲ್ಲಿನ ಗೋಡೆ. ಅಲ್ಲಿಗೆ ಬಂದಾಗ ಡೈಲಾಗ್ ಮೊದಲು ಕೇಳುತ್ತಿದ್ದ, ಇವರ ಕಡೆಯವರು ಯಾರಾದರೂ ಇದ್ದರೆ ಕೈ ಎತ್ತಿ ಎಂದು. ಒಂದು ಕೈ ಎದ್ದರೂ ಸಾಕು, ಕಡೆಯ ಸಾಲಿನ ಕಂಬದಲ್ಲಿದ್ದ ಬೆಲ್ಲನ್ನು ಎರಡು ಸಲ ಒತ್ತುತ್ತಿದ್ದ. ಕೆಳಗೆ ಭಾವ ಸ್ಪೀಕರು, ಇಂಜಿನ್ನು ಎರಡನ್ನೂ ಆಫ್ ಮಾಡುತ್ತಿದ್ದ. ಡೈಲಾಗ್ ಟೊಪ್ಪಿ ತೆಗೆದು, ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ. ಯಾವ ಕೈಯೂ ಏಳದಿದ್ದರೆ ಮಾತ್ರ ಜೋಕು. ಗೋದಾಮಿನಲ್ಲಿ ಕೂತು ಮಾತಾಡಿದ ದಿನ ಯಾರೂ ಕೈ ಎತ್ತಿರಲಿಲ್ಲ. ಟೈರುಗಳು ಕೈ ಎತ್ತುವುದಿಲ್ಲ.

ಭಾವನ ಮಾತನ್ನು ಅವನು ಅರೆಕಿವಿಯಲ್ಲಿ ಕೇಳಿದ. ತಲೆಯಲ್ಲಿ ಬೇರೆ ಸಿನಿಮಾ ಓಡುತ್ತಿತ್ತು. ನಗುವಿಗೆ ಎಲ್ಲೆಲ್ಲಿ ಜಾಗ ಬಿಟ್ಟಿದ್ದೇನೆ ಎನ್ನುವುದು ಅವನಿಗೆ ಬಾಯಿಪಾಠ. ಆ ಜಾಗದೊಳಕ್ಕೆ ನುಗ್ಗಿದರೆ? "ಕುದುರೆ ಮೇಲೆ ಕೂತಿರೋ ಈ ಮಹಾಶಯ ಯಾರು ಗೊತ್ತಾ?" ಎಂದು ಸ್ಪೀಕರು ಕೇಳುತ್ತದೆ. ಹಿಂದಿನ ಸಾಲಿನಿಂದ ಅದೇ ಧ್ವನಿ, ಅದೇ ಗತ್ತು, "ನಮ್ಮ ಮ್ಯಾನೇಜರು! ಬೇರೆಯವರ ಬೆನ್ನೇರಿ ಫೋಟೊ ತೆಗೆಸಿಕೊಳ್ಳೋರು!" ಬಸ್ಸು ತಿರುಗಿ ನೋಡುತ್ತದೆ. ಮಫ್ಲರು ಜಾರುತ್ತದೆ. ಮೇಡಂ ಹುಬ್ಬೇರಿಸುತ್ತಾರೆ. ಕನ್ನಡಿ ಮುಂದೆ ನಿಂತು ಮಫ್ಲರು ಜಾರಿಸುವುದನ್ನೂ ಅವನು ಅಭ್ಯಾಸ ಮಾಡಿಕೊಂಡು ಬಂದಿದ್ದ.

ಗಡಿಯಾರದ ಗೋಪುರ ದಾಟಿತು. ಅವನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು, ಅಕ್ಕ ತಂಗಿ. ಕಿರಿಯಾಕೆಯ ಬಾಯಿಗೆ ಬಿಡುವೇ ಇರಲಿಲ್ಲ.

"ನೋಡೆ ಅಕ್ಕ, ಇಷ್ಟು ದೊಡ್ಡ ಗಡಿಯಾರ, ನಿನ್ನ ಕೈ ಗಡಿಯಾರಕ್ಕಿಂತ ನಿಧಾನ. ಸರ್ಕಾರದ್ದಲ್ವಾ."

ಹಿರಿಯಾಕೆ ತಲೆ ಎತ್ತಲಿಲ್ಲ. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಗೋಡೆ ಯಾವಾಗ ಬರುತ್ತೆ ಕೇಳೇ."

"ಬರುತ್ತೆ ಇರು. ಗೋಡೆ ಎಲ್ಲಿಗೆ ಓಡಿಹೋಗುತ್ತೆ?"

"ಅವನ ಹೆಸರು ಹಾಕಿ ಇಷ್ಟು ವರ್ಷ ಆಯ್ತು. ಹೆತ್ತೋಳು ಒಂದ್ಸಲಾನೂ ಬಂದು ನೋಡ್ಲಿಲ್ಲ ಅಂತ ಅಂದ್ಕೊಂಡಿರ್ತಾನೆ."

"ಅವನು ಹಾಗೆಲ್ಲ ಅಂದ್ಕೊಳ್ಳೋ ಹುಡುಗ ಅಲ್ಲ." ಕಿರಿಯಾಕೆಯ ದನಿ ಒಂದು ಕ್ಷಣ ಇಳಿಯಿತು. ಮತ್ತೆ ಏರಿತು. "ಬಂದಾಗ ಆ ಸ್ಪೀಕರ್ ಹುಡುಗಾನೇ ಹೇಳ್ತಾನೆ ಬಿಡು. ಒಳ್ಳೆ ತಮಾಷೆ ಮಾಡ್ತಾನೆ ಅಲ್ವಾ?"

"ಹೂಂ. ಧ್ವನಿ ಕೇಳಿದ್ರೆ ನಮ್ಮವನ ವಯಸ್ಸಿನೋನೇ ಅನ್ಸುತ್ತೆ" ಎಂದು ಹಿರಿಯಾಕೆ ತಲೆ ಎತ್ತಿ ನಕ್ಕರು.

ಡೈಲಾಗ್ ಸೀಟಿನಲ್ಲಿ ನೆಟ್ಟಗಾದ. ಭಾವ ಹೇಳಿದ ಆ ಯಾವತ್ತೋ ಒಂದಿನ ಇವತ್ತೇ. ಮೇಡಂ ಇರುವ ದಿನವೇ. ಇಂಥ ಟೈಮಿಂಗು ಕಥೆ ಬರೆಯುವವನಿಗೂ ಹೊಳೆಯುವುದಿಲ್ಲ.

ಕುದುರೆ ಬಂತು. "ಈ ಮಹಾಶಯ ಯಾರು ಗೊತ್ತಾ?" ಎಂದು ಸ್ಪೀಕರು ಕೇಳಿ ಸುಮ್ಮನಾಯಿತು. ಡೈಲಾಗ್ ಮಫ್ಲರಿನೊಳಗೆ ತುಟಿ ಕಚ್ಚಿ ಕೂತ. ಕೈಗೆ ಬಂದೂಕು ಸಿಕ್ಕವನು ಕಲ್ಲು ಎಸೆಯುತ್ತಾನೆಯೇ? ತಾನೇನೂ ಮಾಡಬೇಕಾಗಿಲ್ಲ. ಬಾಯಿ ಬಿಡಬೇಕಾಗಿಲ್ಲ, ಬೆರಳು ಅಲ್ಲಾಡಿಸಬೇಕಾಗಿಲ್ಲ. ಸುಮ್ಮನೆ ಕೂತರೆ ಮ್ಯಾನೇಜರನ ಮಷಿನ್ನು ಮ್ಯಾನೇಜರನನ್ನೇ ನುಂಗುತ್ತದೆ. ಆ ಹೆಂಗಸಿಗೆ ಸ್ವಲ್ಪ ಬೇಜಾರಾಗಬಹುದು. ಆಗಲಿ, ಆ ಬೇಜಾರು ಮ್ಯಾನೇಜರನ ಖಾತೆಗೆ. ಹೀಗೆಂದು ಮನಸ್ಸಿಗೆ ಎರಡು ಮೂರು ಸಲ ಹೇಳಿದ. ಮನಸ್ಸು ಹೂಂಗುಟ್ಟಿತು. ಅವನಿಗೇ ತಿಳಿಯದ ಹಾಗೆ ಎಡಗೈ ಮಾತ್ರ ಕಂಬವನ್ನು ಸುತ್ತಿ, ಹೆಬ್ಬೆರಳು ಬೆಲ್ಲಿನ ಮೇಲೆ ಹೋಗಿ ಕೂತಿತ್ತು.

ಬಸ್ಸು ನಿಧಾನವಾಯಿತು. ಬಲಗಡೆ ಹುಲ್ಲು, ಹುಲ್ಲಿನಾಚೆ ಗೋಡೆ. ಬಿಸಿಲು ಬಿದ್ದರೂ ಹೊಳೆಯದಷ್ಟು ಕಪ್ಪು.

"ಇಲ್ಲಿರೋದು ಬರೀ ಹೆಸರು" ಎಂದಿತು ಸ್ಪೀಕರು. "ಈ ಹೆಸರುಗಳ ಕಡೆಯವರು ಯಾರಾದ್ರೂ ನಮ್ಮ ಬಸ್ಸಲ್ಲಿ ಇದ್ದೀರಾ? ಇದ್ರೆ ದಯವಿಟ್ಟು ಕೈ ಎತ್ತಿ."

ಹಿರಿಯಾಕೆ ಚೀಲವನ್ನು ತಂಗಿಯ ತೊಡೆಗೆ ಇಟ್ಟು ಕೈ ಎತ್ತಿದರು. ಸ್ವೆಟರಿನ ತೋಳು ಮೊಣಕೈಗೆ ಜಾರಿತು. ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗಿ ಎತ್ತುವ ಹಾಗೆ, ನೆಟ್ಟಗೆ. ಆಚೀಚೆಯವರು ತಿರುಗಿದರು. ಯಾರೋ ಕ್ಯಾಮೆರಾ ಕೆಳಗಿಳಿಸಿದರು. ಮೇಡಂ ಕೂಡ ತಿರುಗಿ ನೋಡಿ, ಗೌರವದಿಂದ ಅರ್ಧ ಎದ್ದರು.

ಸ್ಪೀಕರು ಸುಮ್ಮನಿತ್ತು. ಮೇಲ್ಮಹಡಿಯ ಸೀಟುಗಳನ್ನೆಲ್ಲ ಒಂದು ಸುತ್ತು ಕಣ್ಣಾಡಿಸಲು ಬೇಕಾದಷ್ಟು ಹೊತ್ತು ಅಲ್ಲಿ ನಿಲ್ಲುವುದು ಡೈಲಾಗನ ರೂಢಿ. ಗೋದಾಮಿನಲ್ಲೂ ಹಾಗೆಯೇ ನಿಂತಿದ್ದ. ಬೆಲ್ಲನ್ನು ಎರಡು ಸಲ ಒತ್ತುವುದಕ್ಕೆ ಬೇಕಾದಷ್ಟು ಜಾಗವನ್ನು ಅವನೇ ಬಿಟ್ಟಿದ್ದ. ಅವನು ಆ ಕೈಯನ್ನು ನೋಡಲಿಲ್ಲ. ಮ್ಯಾನೇಜರನ ಕುತ್ತಿಗೆಯನ್ನೇ ನೋಡುತ್ತಿದ್ದ. ಕಾಲರಿನ ಮೇಲೆ ಉಕ್ಕಿ ಬಂದಿದ್ದ, ಇನ್ನೂ ಏನೂ ತಿಳಿಯದೆ ಖುಷಿಯಾಗಿದ್ದ ಕುತ್ತಿಗೆ.

ಹೆಬ್ಬೆರಳು ಅಲ್ಲಾಡಲಿಲ್ಲ.

"ಯಾರೂ ಇಲ್ವಾ?" ಎಂದಿತು ಸ್ಪೀಕರು.

"ಇದ್ದೀನಪ್ಪ" ಅಂದರು ಹಿರಿಯಾಕೆ. ಹುಡುಗನಿಗೆ ಕಾಣಲಿಲ್ಲವೇನೋ ಎಂದು ಕೈಯನ್ನು ಇನ್ನೂ ಮೇಲೆತ್ತಿದರು. "ಇಲ್ಲಿದ್ದೀನಿ, ಹಿಂದೆ."

"ಸದ್ಯ, ಬದುಕಿಕೊಂಡೆ! ಹಾಗಾದ್ರೆ ಧೈರ್ಯವಾಗಿ ಹೇಳಬಹುದು. ಈ ಗೋಡೇಲಿ ಜಾಗ ಸಿಗೋದು ತುಂಬಾ ಸುಲಭ ಸ್ವಾಮಿ. ಶಿಫಾರಸು ಬೇಡ, ಪರೀಕ್ಷೆ ಬೇಡ. ಮನೆಯಿಂದ ಹೋಗಬೇಕು, ವಾಪಸ್ ಬರಬಾರದು, ಅಷ್ಟೇ! ಅರ್ಜಿ ಹಾಕೋರು ಯಾರಾದ್ರೂ ಇದ್ದೀರಾ?"

ಆಮೇಲೆ ನಗುವಿಗೆ ಬಿಟ್ಟ ಜಾಗ. ಊರಿನಲ್ಲೇ ಅತಿ ದೊಡ್ಡ ನಗು ಬರುತ್ತಿದ್ದ ಜಾಗ ಅದು, ಹಾಗಾಗಿ ಉದ್ದವಾಗಿಯೇ ಬಿಟ್ಟಿದ್ದ. ಇಂಜಿನ್ನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಹಿರಿಯಾಕೆಯ ಕೈ ಇನ್ನೂ ಮೇಲೇ ಇತ್ತು. ಅದನ್ನು ಇಳಿಸಬೇಕು ಎನ್ನುವುದು ಅವರಿಗೆ ಹೊಳೆಯಲಿಲ್ಲ. ಕಿರಿಯಾಕೆ ಮೆಲ್ಲಗೆ ಮೊಣಕೈ ಹಿಡಿದು ಇಳಿಸಿದರು.

"ನಿಲ್ಸಿ" ಅಂದರು ಮೇಡಂ.

ಮ್ಯಾನೇಜರು ಮೆಟ್ಟಿಲ ಬಾಯಿಗೆ ಓಡಿ ಕೆಳಗೆ ಕಿರುಚಿದ. ಬಸ್ಸು ನಿಂತಿತು. ಅವನು ವಾಪಸು ಬಂದು, "ಮಷಿನ್ ಮೇಡಂ, ಒಂದೊಂದ್ಸಲ ಮಷಿನ್ನು..." ಎಂದು ತಡವರಿಸಿದ.

"ಮಷಿನ್ನು ಹೀಗೆ ಮಾತಾಡಲ್ಲ. ಇದು ಯಾರೋ ಮನುಷ್ಯ ಮಾತಾಡಿರೋದು. ಯಾರ ಧ್ವನಿ ಇದು?"

ಮ್ಯಾನೇಜರನ ಮುಖದಲ್ಲಿ ನೀರಿಳಿಯಿತು. ನಿಜವಾಗಿಯೂ, ಹಣೆಯಿಂದ ಗಲ್ಲಕ್ಕೆ. "ಒಬ್ಬ ಗೈಡ್ ಇದ್ದ ಮೇಡಂ. ಡೈಲಾಗ್ ಅಂತ. ಅವನದೇ ಧ್ವನಿ. ಒಂದೊಂದು ಅಕ್ಷರಾನೂ ಅವನದೇ ಮೇಡಂ, ಆಣೆ ಮಾಡಿ ಹೇಳ್ತೀನಿ. ನಾವು ಬರೀ ರೆಕಾರ್ಡ್ ಮಾಡಿಕೊಂಡಿದ್ದು."

"ನಾಳೆ ಒಪ್ಪಂದಕ್ಕೆ ಅಂತ ನೀವು ನಮ್ಮ ಆಫೀಸಿಗೆ ಬರೋದು ಬೇಡ" ಎಂದು ಮೇಡಂ ಮೆಟ್ಟಿಲಿಳಿದರು.

ಅವನಿಗೆ ಬೇಕಾಗಿದ್ದು ಅಷ್ಟೂ ಸಿಕ್ಕಿತ್ತು. ಈಗ ಎದ್ದು ನಿಲ್ಲಬೇಕು. ಮೆಲ್ಲಗೆ ಚಪ್ಪಾಳೆ ತಟ್ಟಬೇಕು. ಮಫ್ಲರು ಜಾರಬೇಕು. ಡೈಲಾಗ್ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ.

ಕಿರಿಯಾಕೆ ಆಗಲೇ ಮ್ಯಾನೇಜರನ ಎದುರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಕಣ್ಣಿಲ್ಲದ ಪೆಟ್ಟಿಗೇನ ಬಸ್ಸಿಗೆ ಕಟ್ಟಿಕೊಂಡು ತಿರುಗ್ತೀಯಲ್ಲ, ನಾಚಿಕೆ ಆಗಲ್ವೇನಯ್ಯ ನಿನಗೆ? ಎಲ್ಲಿ ಆ ಹುಡುಗ? ಕರೆಸು ಅವನನ್ನ. ಅವನ ಮುಖ ನಾನೊಂದ್ಸಲ ನೋಡಬೇಕು."

ಡೈಲಾಗ್ ಅವರ ಬೆನ್ನ ಹಿಂದಿನಿಂದ ತೂರಿಕೊಂಡು ಕೆಳಗಿಳಿದ. ಡ್ರೈವರ್ ಕಿಟಕಿಯಲ್ಲಿ ಭಾವ ಮೊಣಕೈ ಊರಿ ಕೂತಿದ್ದ. ಟೊಪ್ಪಿ ಮಫ್ಲರಿನ ನಡುವೆ ಉಳಿದಿದ್ದ ಎರಡು ಕಣ್ಣನ್ನು ನೋಡಿ ಅವನಿಗೆ ಗುರುತು ಸಿಕ್ಕಿತು.

"ಮೇಲೇ ಇದ್ದೆಯಾ ನೀನು?" ಎಂದ, ತಗ್ಗಿದ ದನಿಯಲ್ಲಿ. "ಬೆಲ್ ಯಾಕೋ ಹೊಡೀಲಿಲ್ಲ?"

ಡೈಲಾಗ್ ಮುಂದೆ ನಡೆದ. ರಸ್ತೆಗೆ ಹೋಗಬೇಕಾದ ಕಾಲು ಹುಲ್ಲಿನ ಕಡೆಗೆ ಹೋಯಿತು.

ಬಸ್ಸು ನಿಂತ ಕೂಡಲೇ ಇಳಿದಿದ್ದ ಹಿರಿಯಾಕೆ ಒಬ್ಬರೇ ಗೋಡೆಯ ಮುಂದೆ ನಿಂತು, ಮುಖವನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ಒಯ್ದು ಹುಡುಕುತ್ತಿದ್ದರು. ಹೆಜ್ಜೆ ಸದ್ದಿಗೆ ತಿರುಗಿದರು.

"ಯಾರಪ್ಪಾ? ಒಂಚೂರು ನೋಡಿಕೊಡ್ತೀಯಾ? ನನಗೆ ಎಲ್ಲಾ ಒಂದೇ ಥರ ಕಾಣುತ್ತೆ." ಮಗನ ಹೆಸರು ಹೇಳಿದರು. ಅಪ್ಪನ ಹೆಸರು ಸೇರಿಸಿ ಪೂರ್ತಿಯಾಗಿ ಇನ್ನೊಮ್ಮೆ ಹೇಳಿದರು.

ಅವನು ಸಾಲಿನಿಂದ ಸಾಲಿಗೆ ಇಳಿದ. ಹೆಸರು ಬಹಳ ಕೆಳಗಿತ್ತು, ಮೊಣಕಾಲಿನ ಮಟ್ಟದಲ್ಲಿ. ಕುಕ್ಕರುಗಾಲಲ್ಲಿ ಕೂತ.

"ಸಿಕ್ತಾ?" ಅವರೂ ಕಷ್ಟಪಟ್ಟು ಪಕ್ಕದಲ್ಲಿ ಕೂತರು. "ಒಂದ್ಸಲ ಓದಪ್ಪ. ಜೋರಾಗಿ ಓದು, ಕೇಳಿಸಿಕೊಳ್ತೀನಿ."

ಮಫ್ಲರಿನೊಳಗೆ ಅವನ ಬಾಯಿ ತೆರೆಯಿತು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಮತ್ತೆ ಮುಚ್ಚಿತು.

ಹಿರಿಯಾಕೆ ಕಾದರು. ಅವನು ಅವರ ಬಲಗೈಯ ಬೆರಳನ್ನು ಹಿಡಿದು, ಕಲ್ಲಿನಲ್ಲಿ ಕೊರೆದ ಮೊದಲನೆಯ ಅಕ್ಷರದೊಳಗೆ ಇಟ್ಟ. ಬೆರಳು ಒಂದು ಕ್ಷಣ ತಡೆದು, ಆಮೇಲೆ ತಾನಾಗಿಯೇ ಹೊರಟಿತು. ಅಕ್ಷರದಿಂದ ಅಕ್ಷರಕ್ಕೆ ಹರಿದು ಕೊನೆಗೆ ಬಂದು ನಿಂತಿತು. ಮತ್ತೆ ಮೊದಲನೆಯದಕ್ಕೆ ಹೋಯಿತು.