ಕೇಳಿದರೆ ಮಾತ್ರ

ನಮ್ಮ ಮಗಳು ಸಂಯುಕ್ತಳಿಗೆ ಹನ್ನೊಂದು ವರ್ಷ. ಮಾತು ಬಂದಿಲ್ಲ. ಆಟಿಸಂ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಹೆಂಡತಿ ಸೌಜನ್ಯ ಸಹಕಾರನಗರದ ಪಾರ್ಕಿನಲ್ಲಿ ಕಂಡಕಂಡವರ ಪುಕ್ಕಟೆ ಸಲಹೆ ಕೇಳಿ ಸುಸ್ತಾಗಿದ್ದಳು. ಕೊನೆಗೆ ತಾನೇ ವಿಶೇಷ ಶಿಕ್ಷಣದ ಬಿ.ಎಡ್. ಸೇರಿದಳು. ಯಲಹಂಕದಿಂದಾಚೆ ಒಂದು ಖಾಸಗಿ ವಿಶ್ವವಿದ್ಯಾಲಯ. ಗೇಟೇ ಕಲ್ಯಾಣ ಮಂಟಪದಷ್ಟಿದೆ. ಒಳಗೆ ಅದೇನು ಕಲಿಸುತ್ತಾರೋ ಎಂದು ಮೂಗು ಮುರಿದೆ. ನಾನು ಮೂಗು ಮುರಿಯದ ವಿಷಯ ಕಡಿಮೆ. ಆದರೆ ಕಲಿಸಿದರು. ಚೆನ್ನಾಗಿಯೇ ಕಲಿಸಿದರು.

ಮೊದಲ ಸೆಮಿಸ್ಟರಿನಲ್ಲೇ ಮನೆಗೆ ಚಿತ್ರಗಳಿರುವ ಕಾರ್ಡುಗಳು ಬಂದವು. ನೀರು, ಬಿಸ್ಕತ್ತು, ಉಯ್ಯಾಲೆ, ಬಾತ್‌ರೂಮು. ಮಾತಿಲ್ಲದ ಮಗು ತನಗೆ ಬೇಕಾದ್ದರ ಕಾರ್ಡು ತಂದು ಕೈಗಿಡಬೇಕು. ಇಟ್ಟ ಕೂಡಲೇ ಅದನ್ನು ಕೊಡಬೇಕು. ಅಲ್ಲಿಯವರೆಗೆ ನಾವು ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೂತಿರಬೇಕು. ಇದು ಪದ್ಧತಿ.

"ಮುಖ ನೋಡಿದ್ರೇ ಗೊತ್ತಾಗತ್ತಲ್ಲೇ ಬಾಯಾರಿದೆ ಅಂತ. ಕೊಟ್ಬಿಡು," ಎಂದು ಒಮ್ಮೆ ರೇಗಿದೆ.

"ನಮಗ್ ಗೊತ್ತಾಗತ್ತೆ ಕಣ್ರೀ. ನಾವಿಲ್ದೇ ಇರೋವಾಗ ಯಾರಿಗ್ ಗೊತ್ತಾಗತ್ತೆ?"

ಆ ಪ್ರಶ್ನೆಗೆ ಹೆದರಿ ಎಷ್ಟೋ ದಿನ ನಾವು ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದ್ದೇವೆ.

ಪದ್ಧತಿ ಫಲಿಸಿತು. ಒಂದು ಬೆಳಿಗ್ಗೆ ಸಂಯುಕ್ತಾ ತಾನಾಗಿಯೇ ನೀರಿನ ಕಾರ್ಡು ತಂದು ಅಮ್ಮನ ಕೈಗಿಟ್ಟಳು. ಸೌಜನ್ಯ ಲೋಟ ತುಂಬುತ್ತ ಅತ್ತಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಆಮೇಲೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಮನೆಯಲ್ಲಿ ಮಾಡಿದ ಪಾಠದ ವಿಡಿಯೋ ಕೊಡಬೇಕಿತ್ತು. ಸಂಯುಕ್ತಳಿಗೆ ಒಂದು ಅಭ್ಯಾಸ: ಅಮ್ಮ ಸೋಫಾದಲ್ಲಿ ಕೂತರೆ ಸಾಕು, ಬಂದು ಹಣೆಯನ್ನು ಅವಳ ಗದ್ದದ ಕೆಳಗೆ ತೂರಿಸಿ ಗುಂಯ್ ಎನ್ನುತ್ತ ಒರಗುತ್ತಿದ್ದಳು. ಹಾಗೆ ಬಂದಾಗಲೆಲ್ಲ ಸೌಜನ್ಯ ಅಂಗೈ ಅಡ್ಡ ಹಿಡಿದು, "ಏನ್ ಬೇಕು ಪುಟ್ಟಿ? ಕಾರ್ಡ್ ಕೊಡು," ಎನ್ನತೊಡಗಿದಳು. ಸಂಯುಕ್ತಾ ಗೊಂದಲಪಟ್ಟು ಬಿಸ್ಕತ್ತಿನ ಕಾರ್ಡು ಕೊಡುತ್ತಿದ್ದಳು. ಬಿಸ್ಕತ್ತು ಸಿಗುತ್ತಿತ್ತು. ಮೊಬೈಲ್ ಹಿಡಿದವನು ನಾನೇ. "ಸೂಪರಾಗ್ ಬಂತು, ಇನ್ನೊಂದ್ ಸಲ ಮಾಡೋಣ," ಎಂದು ಹುರಿದುಂಬಿಸಿದ ಮಹಾನುಭಾವನೂ ನಾನೇ.

ಪ್ರಾಕ್ಟಿಕಲ್‌ನಲ್ಲಿ ಸೌಜನ್ಯ ಇಡೀ ತರಗತಿಗೇ ಮೊದಲು ಬಂದಳು. ಫಲಿತಾಂಶ ತಿಳಿದ ಸಂಜೆ ಚಪ್ಪಲಿ ಬಿಟ್ಟು ಸೋಫಾದಲ್ಲಿ ಕುಸಿದು, "ಸದ್ಯ, ಮುಗೀತು," ಎಂದಳು. ಸಂಯುಕ್ತಾ ಒಂದು ಮಾರು ದೂರದಲ್ಲಿ ನಿಂತಿದ್ದಳು. ಹೋಗಿ ನೀರಿನ ಕಾರ್ಡು ತಂದಳು. ನೀರು ಕೊಟ್ಟೆವು, ಕುಡಿಯಲಿಲ್ಲ. ಬಿಸ್ಕತ್ತಿನ ಕಾರ್ಡು ತಂದಳು, ಬಿಸ್ಕತ್ತು ಮುಟ್ಟಲಿಲ್ಲ. ಉಯ್ಯಾಲೆಯದು ತಂದಾಗ ಪಾರ್ಕಿಗೆ ಹೋಗೋಣವೆಂದು ನಾನು ಕೈ ಹಿಡಿದೆ, ಕೊಸರಿಕೊಂಡಳು. ಕೊನೆಗೆ ಇದ್ದಬದ್ದ ಕಾರ್ಡುಗಳನ್ನೆಲ್ಲ ಬಾಚಿ ತಂದು ಅಮ್ಮನ ಮಡಿಲಿಗೆ ಸುರಿದು ಅಲ್ಲೇ ನಿಂತಳು. ಕಣ್ಣು ತುಂಬಿತ್ತು. ಹೊಟ್ಟೆನೋವಿರಬಹುದು ಎಂದು ನಾನು ಪೆದ್ದನ ಹಾಗೆ ಡಾಕ್ಟರ ನಂಬರು ಹುಡುಕುತ್ತಿದ್ದೆ.

ಸೌಜನ್ಯ ಮಡಿಲಿನ ಕಾರ್ಡುಗಳನ್ನು ತಿರುವಿ ನೋಡಿದಳು.

"ಅವ್ಳಿಗೆ ನಾನ್ ಬೇಕು ಕಣ್ರೀ. ಅದಕ್ಕೆ ಕಾರ್ಡೇ ಮಾಡಿಲ್ವಲ್ರೀ ನಾನು."

ಕೇಳದೆಯೇ ಸಿಗುತ್ತಿದ್ದ ಒಂದೇ ಒಂದು ವಸ್ತುವನ್ನೂ ಕೇಳಿದರೆ ಮಾತ್ರ ಎಂದು ಮಾಡಿಬಿಟ್ಟಿದ್ದೆವು.

ಸೌಜನ್ಯ ಕಾರ್ಡುಗಳನ್ನು ನೆಲಕ್ಕೆ ಕೊಡವಿ ಎರಡೂ ಕೈ ಚಾಚಿದಳು. "ಬಾರೇ ಕಂದಾ. ಏನೂ ಕೇಳ್ಬೇಡ. ಸುಮ್ನೆ ಬಾ."

ಸಂಯುಕ್ತಾ ಆ ಕೈಗಳನ್ನು ನೋಡಿದಳು. ಆಮೇಲೆ ಬಗ್ಗಿ, ಚೆಲ್ಲಿದ್ದ ಕಾರ್ಡುಗಳನ್ನು ಒಂದೊಂದಾಗಿ ಹೆಕ್ಕಿ, ಅಮ್ಮನ ಚಾಚಿದ ಕೈಗಳಲ್ಲಿಟ್ಟು, ಕಾಯುತ್ತ ನಿಂತಳು.