ತಿರುವಿನಿಂದ ಕೇಳುವ ಸದ್ದು

"ಯಾರಾದ್ರೂ ಆ ಗೇಟು ಹಾಕ್ರಪ್ಪ," ಎನ್ನುತ್ತ ಪ್ರೇಮಲೀಲಾ ಮತ್ತೆ ಎದ್ದರು. ಎದ್ದ ರಭಸಕ್ಕೆ ಮಡಿಲಲ್ಲಿದ್ದ ಬಿಲ್ವಪತ್ರೆ ನೆಲಕ್ಕೆ ಚೆಲ್ಲಿತು. ಪಕ್ಕದಲ್ಲೇ, ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ, ಹಣೆ ತುಂಬ ವಿಭೂತಿ ಬಳಿಸಿಕೊಂಡು ಅವರ ಯಜಮಾನರು ಶಿವಮಲ್ಲಪ್ಪ ಕೂತಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡವರು ಆಸ್ಪತ್ರೆಯ ಬಾಗಿಲು ಕಾಣುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಗಂಡನ ಅಕ್ಕ ಭಾನುಮತಿ ಸೆರಗು ಹಿಡಿದು ಕೂರಿಸಿದರು. "ಸಾವಿನ ಮನೆ ಗೇಟು ಹಾಕ್ತಾರೇನೇ ಪ್ರೇಮಾ? ಎತ್ತೋ ತನ್ಕ ತೆಗೆದೇ ಇರ್ಬೇಕು. ಬಂದೋರು ಏನಂದ್ಕೊಂಡಾರು?"

ಬಂದವರು ಏನಾದರೂ ಅಂದುಕೊಳ್ಳಲಿ. ಬರುವವರು ಯಾರು ಎನ್ನುವುದೇ ಪ್ರೇಮಲೀಲಾಗೆ ಭಯ. ಮುಖ ಗೊತ್ತಿಲ್ಲದವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರು. ಹೆಚ್ಚಿನವರು ದರ್ಜಿಗಳು. ಶಿವಮಲ್ಲಪ್ಪ ಜೀವಮಾನವೆಲ್ಲ ಹೊಲಿಗೆ ಮೆಷಿನ್ನು ರಿಪೇರಿ ಮಾಡಿದವರು. ನಂಜನಗೂಡು, ನರಸೀಪುರದ ಕಡೆಯ ಅಂಗಡಿಗಳಿಗೂ ಕಾರಿನಲ್ಲಿ ಹೋಗಿ ಸಂಜೆಗೆ ಮನೆ ಸೇರುತ್ತಿದ್ದರು. ಒಬ್ಬಾತ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಹಾಗೇ ಓಡಿ ಬಂದಿದ್ದ. ಎಲ್ಲರೂ ಒಳ್ಳೆಯವರೇ ಇರಬೇಕು. ಆದರೂ ಒಬ್ಬೊಬ್ಬರು ಹೊಸ್ತಿಲು ದಾಟಿದಾಗಲೂ ಪ್ರೇಮಲೀಲಾರ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು.

ಇವತ್ತೇನೋ ಮನೆ ತುಂಬ ಜನ. ನಾಳೆ, ನಾಡಿದ್ದು? ಆ ಗೇಟಿನ ಹಿಂದೆ ತಾನೊಬ್ಬಳೇ. ಮಗಳು ಲಾಸ್ಯ ಆಗಲೇ ಕಿವಿಯಲ್ಲಿ ಹೇಳಿದ್ದಳು, "ಕಾರ್ಯ ಎಲ್ಲ ಮುಗೀಲಿ, ಮನೇಗೆ ಬೀಗ ಹಾಕಿ ಯಾದವಗಿರಿಗೆ ಬಂದ್ಬುಡಮ್ಮ." ಯಾದವಗಿರಿಯ ಮನೆಗೂ ಗೇಟಿದೆ. ಮಗಳು, ಅಳಿಯ ಇಬ್ಬರೂ ಹಗಲೆಲ್ಲ ಕೆಲಸಕ್ಕೆ ಹೋಗುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ.

*

ಎರಡು ವರ್ಷದ ಕೆಳಗೆ, ದೀಪ ಹಚ್ಚುವ ಹೊತ್ತಿನಲ್ಲಿ, ಗೇಟಿನ ಮುಂದೆ ಎರಡು ಸಲ ಹಾರ್ನ್ ಆಯಿತು. ಶಿವಮಲ್ಲಪ್ಪ ದಿನವೂ ಎರಡೇ ಸಲ ಹೊಡೆಯುತ್ತಿದ್ದದ್ದು. ಪ್ರೇಮಲೀಲಾ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಚಿಲಕ ತೆಗೆದರು. ಕಾರಿರಲಿಲ್ಲ, ಬೈಕಿತ್ತು. ಹೆಲ್ಮೆಟ್ಟಿನೊಳಗೆ ಮುಖವೇ ಕಾಣಲಿಲ್ಲ. ಕೊರಳಿಗೊಂದು ಕೈ ಬಂತು, ಚುರ್ರೆಂದು ಉರಿಯಿತು, ಅಷ್ಟೇ. ಮಾಂಗಲ್ಯದ ಸರ ಹೋಗಿತ್ತು.

ಹೊಸ ಸರ ಆಗುವ ತನಕ ಅರಿಶಿನದ ಕೊಂಬು ಕಟ್ಟಿಕೊಂಡಿದ್ದರು. "ಯಾರು ಅಂತ ಒಂದ್ ಮಾತು ಕೇಳಿ ತೆಗೀಬಾರ್ದಿತ್ತಾ? ತಾಳಿ ಹೋಗೋದು ಒಳ್ಳೇದಲ್ಲ ಕಣಮ್ಮ," ಎಂದು ಭಾನುಮತಿ ಗದರಿದರು. ಕೇಳಬಹುದಿತ್ತು. ಆದರೆ ಅಂದಿನಿಂದ ಆ ಒಂದು ಮಾತೇ ಗಂಟಲಲ್ಲಿ ಸಿಕ್ಕಿಕೊಂಡಿತು. ಶಿವಮಲ್ಲಪ್ಪ ಗೇಟಿಗೆ ತಗಡು ಹೊಡೆಸಿ, ಬೀಗ ಹಾಕಿಸಿದರು. ಅದರಿಂದ ಕಳ್ಳರಿಗೆ ಏನು ಕಷ್ಟವಾಯಿತೋ, ಪ್ರೇಮಲೀಲಾಗಂತೂ ಹೊರಗೆ ನಿಂತವರು ಕಾಣದ ಹಾಗಾಯಿತು. ಹಾವು ಕಡಿದವನು ಹಗ್ಗ ಕಂಡರೂ ಹೆದರಿದನಂತೆ. ಹಾರ್ನ್ ಕೇಳಿದರೆ ಸಾಕು, ಕಿಟಕಿಯ ಪರದೆಯ ಹಿಂದೆ ನಿಂತುಬಿಡುವರು, ಕೈಯಲ್ಲಿ ಬೀಗದ ಕೈ ಗಲಗಲ ನಡುಗುವುದು. ಹೊರಗೆ ಕಾದು ಕಾದು ಶಿವಮಲ್ಲಪ್ಪ ಕಾರಿನಿಂದ ಇಳಿದು, "ಪ್ರೇಮಾ, ನಾನು ಕಣೇ," ಅನ್ನುವರು.

"ಒಲೆ ಮೇಲೆ ಹಾಲಿತ್ತು ಕಣ್ರೀ," ಎಂದು ಇವರು ಸುಳ್ಳು ಹೇಳುತ್ತ ಊಟದ ಡಬ್ಬಿಗೆ ಕೈ ಚಾಚುವರು. ಅವರು ಡಬ್ಬಿ ಕೊಟ್ಟು, "ಹೂಂ," ಎಂದು ಒಳಗೆ ಹೋಗುವರು.

ಆಮೇಲೊಂದು ದಿನ ಆ ಹಳೆಯ ಪುಟ್ಟ ಮಾರುತಿ ಕಾರು ವಿಚಿತ್ರ ಸದ್ದು ಮಾಡಿಕೊಂಡು ಬಂತು. ಆಕ್ಸಿಲರೇಟರ್ ಒತ್ತಿದರೆ ಸಾಕು, ಬಾನೆಟ್ಟಿನೊಳಗೆ ಉಬ್ಬಸದ ರೋಗಿ ಉಸಿರೆಳೆದ ಹಾಗೆ ಘೋ ಎನ್ನುವುದು.

"ಎಂಜಿನ್ನಿಗೆ ಗಾಳಿ ಹೋಗೋ ದಾರಿ ಅಗಲ ಮಾಡಿಸ್ದೆ. ಪಿಕಪ್ ಚೆನ್ನಾಗಿ ಬರುತ್ತೆ," ಎಂದರು ಶಿವಮಲ್ಲಪ್ಪ.

"ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಸುಳ್ಳಲ್ಲ," ಎಂದು ಪ್ರೇಮಲೀಲಾ ರೇಗಿದರು. ಎದುರು ಮನೆಯವರೂ ಗೊಣಗಿದರು. ಆದರೆ ಆ ಸದ್ದು ಬೀದಿಯ ತಿರುವಿನಲ್ಲಿರುವ ಹೊಂಗೆ ಮರದಿಂದಲೇ ಅಡಿಗೆ ಮನೆಗೆ ಕೇಳುತ್ತಿತ್ತು. ಹಾರ್ನ್ ಯಾರದ್ದಾದರೂ ಇರಬಹುದು. ಈ ಉಬ್ಬಸ ಇಡೀ ಕೃಷ್ಣಮೂರ್ತಿಪುರಂನಲ್ಲಿ ಇನ್ನೊಂದಿರಲಿಲ್ಲ. ಕೇಳಿದೊಡನೆ ಧೈರ್ಯವಾಗಿ ಹೋಗಿ ಗೇಟು ತೆಗೆಯತೊಡಗಿದರು. ಇದು ತಾನೇ ಕಂಡುಕೊಂಡ ಉಪಾಯ, ಗಂಡನಿಗೆ ತನ್ನ ಪುಕ್ಕಲುತನ ಗೊತ್ತೇ ಆಗಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದರು.

*

"ಅತ್ತೆ, ಮಾವನ ಕಾರು ಅಡ್ಡ ಇದೆ. ಅದನ್ನ ಹೊರಗೆ ತೆಗೀದೆ ವಿಮಾನ ಒಳಗೆ ಬರಲ್ಲ," ಎಂದು ಅಳಿಯ ಶಿವಕುಮಾರ್ ಬಂದು ಹೇಳಿದ. ಸತ್ತವರನ್ನು ಕೂರಿಸಿ ಒಯ್ಯುವ, ಹೂವಿನಿಂದ ಅಲಂಕರಿಸಿದ ವಿಮಾನ ಆಗಲೇ ಬೀದಿಯಲ್ಲಿ ಬಂದು ನಿಂತಿತ್ತು.

ಅದೇ ಹೊತ್ತಿಗೆ ಮೆಕ್ಯಾನಿಕ್ ರಾಜೇಶ್ ಬಂದ. ಶಿವಮಲ್ಲಪ್ಪನವರ ಕಾರನ್ನು ಮೊದಲಿನಿಂದ ನೋಡಿಕೊಂಡವನು ಅವನೇ. ಒಂದು ಕೈಯಲ್ಲಿ ಹೂವಿನ ಹಾರ, ಕಂಕುಳಲ್ಲಿ ಕಪ್ಪು ತಗಡಿನ ಗುಂಡನೆಯ ಡಬ್ಬ. ಹಾರ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಡಬ್ಬ ಹಿಡಿದುಕೊಂಡೇ ಪ್ರೇಮಲೀಲಾರ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ಕಾರು ಹೊರಗೆ ತೆಗೆಯೋಕ್ ಮುಂಚೆ ಇದನ್ನ ಹಾಕ್ಬೇಕು. ಏರ್ ಫಿಲ್ಟರ್ ಡಬ್ಬ. ಇದನ್ನ ತೆಗೆದು ಪೈಪ್ ಹಾಕಿದ್ದಕ್ಕೇ ಆ ಸದ್ದು ಬರ್ತಿದ್ದಿದ್ದು. ಸಾಹೇಬ್ರು ಹೇಳಿದ್ರು, ನಾನು ಹೋದ್ ದಿನಾನೇ ಹಾಕ್ಬುಡು ಅಂತ."

"ಯಾವಾಗ ಹೇಳಿದ್ರು?"

"ಸದ್ದು ಮಾಡ್ಸಿದ್ ದಿನಾನೇ." ರಾಜೇಶ್ ದನಿ ತಗ್ಗಿಸಿದ. "ಪಿಕಪ್ಪೂ ಬರಲ್ಲ, ಮೈಲೇಜೂ ಬರಲ್ಲ, ಧೂಳು ಒಳಗ್ ಹೋಗಿ ಎಂಜಿನ್ನೇ ಹಾಳಾಗುತ್ತೆ ಸಾರ್ ಅಂದೆ. ಆದ್ರೆ ಆಗ್ಲಿ, ತಿರುವಿನಿಂದ ನಮ್ಮನೆ ಅಡಿಗೆ ಮನೇಗೆ ಕೇಳ್ಬೇಕು ಅಂದ್ರು. ನೀವು ಮಗಳ ಮನೇಗೆ ಹೋಗಿದ್ರಿ. ನಾನು ಹೊಂಗೆ ಮರದ ಹತ್ರ ಕಾರು ನಿಲ್ಲಿಸ್ಕೊಂಡು ರೇಸ್ ಕೊಡೋದು, ಅವ್ರು ಅಡಿಗೆ ಮನೇಲಿ ನಲ್ಲಿ ಬಿಟ್ಕೊಂಡು ಕಿವಿಗೊಟ್ಟು ನಿಂತ್ಕೊಳೋದು. ಕೇಳಿಸ್ಲಿಲ್ಲ ಅಂತ ಫೋನ್ ಮಾಡೋರು, ನಾನು ಇನ್ನೊಂದು ಪೈಪ್ ಹಾಕೋನು. ಸಂಜೆವರ್ಗೂ ಅದೇ ಆಯ್ತು."

ಪ್ರೇಮಲೀಲಾ ಗಂಡನ ಮುಖ ನೋಡಿದರು. ಹಾಗಾದರೆ ಗೊತ್ತಿತ್ತು. ಪರದೆ, ನಡುಗುವ ಬೀಗದ ಕೈ, ಒಲೆಯ ಮೇಲೆ ಇಲ್ಲದ ಹಾಲು, ಎಲ್ಲವೂ ಗೊತ್ತಿತ್ತು. ಒಂದು ದಿನ ಬಾಯಿಬಿಟ್ಟು ಆಡಿರಲಿಲ್ಲ. ಅರಳುಮರಳು ಅನ್ನಿಸಿಕೊಂಡು ಸುಮ್ಮನಿದ್ದರು.

"ಮತ್ಯಾಕಪ್ಪ ವಾಪಸ್ ಹಾಕು ಅಂದ್ರು?"

ರಾಜೇಶ್ ತಲೆಯೆತ್ತಲಿಲ್ಲ. "ನಾನು ಹೋದ್ಮೇಲೆ ಈ ಕಾರನ್ನ ಯಾರೋ ಓಡಿಸ್ತಾರೆ ಕಣೋ, ಸದ್ದು ಕೇಳಿ ಅವಳು ಯಾರಿಗಂದ್ರೆ ಅವ್ರಿಗೆ ಗೇಟು ತೆಗೆದ್ಬುಡ್ತಾಳೆ ಅಂದ್ರು."

"ಬೇಡ," ಎಂದು ಪ್ರೇಮಲೀಲಾ ಚೀರಿಬಿಟ್ಟರು. ಸುತ್ತ ಕೂತವರು ತಿರುಗಿ ನೋಡಿದರು. ಇದ್ದ ಒಂದು ಧೈರ್ಯವನ್ನೂ ಇವತ್ತೇ ಕಿತ್ತುಕೊಂಡರೆ ಹೇಗೆ?

"ಅಮ್ಮಂಗೆ ಬೇಡಾಂದ್ರೆ ಇರ್ಲಿ ಬಿಡಿ," ಎಂದಳು ಲಾಸ್ಯ.

ಇರಲಿ ಅಂದುಕೊಂಡರೂ ಭಯ ಕರಗಲಿಲ್ಲ. ಸದ್ದು ಹಾಗೇ ಉಳಿದರೆ ನಾಳೆ ಶಿವಕುಮಾರ್ ಕಾರು ತರುತ್ತಾನೆ. ನಾಡಿದ್ದು ಕೊಂಡವನ್ಯಾರೋ ಈ ಬೀದಿಯಲ್ಲೇ ಹಾದು ಹೋಗುತ್ತಾನೆ. ತಾನು ಪ್ರತಿ ಸಲವೂ ಹಿಟ್ಟಿನ ಕೈಯಲ್ಲಿ ಓಡುತ್ತೇನೆ. ಪ್ರತಿ ಸಲವೂ ಗೇಟಿನಾಚೆ ಅವರಿರುವುದಿಲ್ಲ. ಹೆಲ್ಮೆಟ್ಟಿನವನಿಗಿಂತ ಇದು ಹೆಚ್ಚು ಹೆದರಿಸಿತು.

"ಒಂದ್ಸಲ ಕೇಳಿಸ್ಬುಡಪ್ಪ," ಎಂದರು. "ಆಮೇಲೆ ಹಾಕು."

ರಾಜೇಶ್ ಹೋಗಿ ಕಾರು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದ. ಘೋ ಎಂದಿತು. ನಡುಮನೆಯಲ್ಲಿದ್ದವರೆಲ್ಲ ಒಟ್ಟಿಗೇ ಗೇಟಿನ ಕಡೆ ಕತ್ತು ಹೊರಳಿಸಿದರು. "ಬಂದ..." ಎಂದ ಭಾನುಮತಿ ಥಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಿವಮಲ್ಲಪ್ಪ ಕುರ್ಚಿಯಲ್ಲೇ ಕೂತಿದ್ದರು. ಪ್ರೇಮಲೀಲಾ ಅವರ ಮಂಡಿಯ ಮೇಲೆ ಮುಖವಿಟ್ಟು ಗೊಳೋ ಎಂದು ಅತ್ತರು.

*

ರುದ್ರಭೂಮಿಯಿಂದ ಬಂದು, ಸ್ನಾನ ಮಾಡಿ, ಅವರು ಕೂತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಾಗ ಕತ್ತಲಾಗುತ್ತಿತ್ತು. ಪ್ರೇಮಲೀಲಾ ತಾವೇ ಹೋಗಿ ಗೇಟಿಗೆ ಬೀಗ ಹಾಕಿ ಬಂದರು.

ಸ್ವಲ್ಪ ಹೊತ್ತಿಗೆ ಹಾರ್ನ್ ಆಯಿತು. ಎರಡು ಸಲ.

ಅವರು ಆಗಲೇ ಪರದೆಯ ಹಿಂದೆ ನಿಂತಿದ್ದರು. ತಿರುವಿನಿಂದ ಯಾವ ಸದ್ದೂ ಬಂದಿರಲಿಲ್ಲ. ಬೀಗದ ಕೈ ಗಲಗಲ ಎಂದಿತು. "ನೀನಿರಮ್ಮ, ನಾನ್ ನೋಡ್ತೀನಿ," ಎಂದು ಲಾಸ್ಯ ಎದ್ದಳು. ಪ್ರೇಮಲೀಲಾ ಬೇಡವೆಂದು ಕೈಯಾಡಿಸಿ ಅಂಗಳಕ್ಕಿಳಿದರು. ಒಂದು ಕೈಯಲ್ಲಿ ಕೊರಳ ಸರ ಬಿಗಿಯಾಗಿ ಹಿಡಿದಿದ್ದರು. ಗೇಟಿನ ತಗಡಿಗೆ ಮುಖ ಹತ್ತಿರ ತಂದು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಮತ್ತೆ ತೆರೆದರು.

"ಯಾರು?"

"ನಾನಮ್ಮ, ರಾಜೇಶ. ಕಾರು ತಂದಿದೀನಿ."

"ಜೊತೇಲಿ ಯಾರಿದಾರೆ?"

"ಯಾರೂ ಇಲ್ಲಮ್ಮ."

ಪ್ರೇಮಲೀಲಾ ಬೀಗ ತೆಗೆದು ಗೇಟಿನ ಎರಡೂ ಬಾಗಿಲು ಸರಿಸಿದರು. ಕಾರು ಬೀದಿಯ ಬೇರೆ ಕಾರುಗಳ ಹಾಗೆ ಸದ್ದಿಲ್ಲದೆ ಒಳಗೆ ಬಂದು, ದಿನವೂ ನಿಲ್ಲುವ ಎಣ್ಣೆ ಕಲೆಯ ಮೇಲೆ ನಿಂತಿತು. ಅವರು ಎಂದಿನಂತೆ ಕಾರಿನ ಬಾಗಿಲ ಪಕ್ಕಕ್ಕೆ ಹೋಗಿ, ಊಟದ ಡಬ್ಬಿಗೆಂದು ಕೈ ಚಾಚಿದರು.

ರಾಜೇಶ್ ಕೆಳಗಿಳಿದು ಕಾರಿನ ಬೀಗದ ಕೈಯನ್ನು ಆ ಕೈಯಲ್ಲಿಟ್ಟ.